ಇಲ್ಲದ ಬಂಡೆ ನೋಡಲು ಯಾಂಗ್ಟ್ಸೆಗೆ

ಮೊದಲೇ ಹೇಳಿಬಿಡುತ್ತೇನೆ, ನಾವು ನೋಡಲು ಹೋದ ಬಂಡೆ ಈಗ ಅಲ್ಲಿಲ್ಲ. 1958-59ರ ಚಳಿಗಾಲದಲ್ಲಿ ನದಿ ಇಳಿದಿದ್ದ ಹೊತ್ತು ನೋಡಿ ಚೀನಾದವರು ಅದಕ್ಕೆ ಸಿಡಿಮದ್ದು ಇಟ್ಟು ಒಡೆದು ಹಾಕಿದರು. ಅದರ ಹೆಸರು ಯೆನ್‌ಯು. ಯಾಂಗ್ಟ್ಸೆ ನದಿ ಸಾಲಾಗಿ ಮೂರು ಕಮರಿಗಳನ್ನು ಸೀಳಿಕೊಂಡು ಹೋಗುತ್ತದಲ್ಲ, ಅದರಲ್ಲಿ ಮೊದಲನೆಯದು ಚೂತಾಂಗ್. ಆ ಕಮರಿಯ ಬಾಯಲ್ಲೇ, ನೀರಿನ ನಟ್ಟನಡುವೆ, ಈ ಕಪ್ಪು ಬಂಡೆ ನಿಂತಿತ್ತು. ಸುಮಾರು 30 ಮೀಟರ್ ಉದ್ದ, 20 ಮೀಟರ್ ಅಗಲ, 40 ಮೀಟರ್ ಎತ್ತರ. ಸಾವಿರ ವರ್ಷಕ್ಕಿಂತ ಜಾಸ್ತಿ ಕಾಲ ಕವಿಗಳು ಅದರ ಬಗ್ಗೆ ಬರೆದರು, ಅಂಬಿಗರು ಅದಕ್ಕೆ ಹೆದರಿದರು, ಎಷ್ಟೋ ದೋಣಿಗಳು ಅದಕ್ಕೆ ಬಡಿದು ಚೂರಾದವು.

ಹೋದದ್ದು ನಾನು, ನನ್ನ ಅಕ್ಕ, ಭಾವ. ಭಾವ ನೀರಾವರಿ ಕೆಲಸದಲ್ಲೇ ಜೀವನ ಸವೆಸಿದ ಇಂಜಿನಿಯರ್, ಈಗ ನಿವೃತ್ತರು. ಅವರಿಗೆ ಇದೇ ಕಮರಿಗಳಲ್ಲಿ ನದಿಗೆ ಅಡ್ಡ ಕಟ್ಟಿರುವ ತ್ರೀ ಗಾರ್ಜಸ್ ಅಣೆಕಟ್ಟು ನೋಡಬೇಕಿತ್ತು. ನನಗೆ ಬಂಡೆ ಇದ್ದ ಜಾಗ ನೋಡಬೇಕಿತ್ತು. ಅಕ್ಕನಿಗೆ ಇಬ್ಬರ ಜಗಳ ಬಿಡಿಸುವ ಕೆಲಸ. ನವೆಂಬರ್ ಕೊನೆಯಲ್ಲಿ ಹೊರಟೆವು.

ಮೊದಲ ದಿನ: ಚೊಂಗ್‌ಚಿಂಗ್

ಈ ಊರಿನ ಬಗ್ಗೆ ಎಲ್ಲರೂ ಬರೆಯುತ್ತಾರೆ. ಕಟ್ಟಡದ ಹೊಟ್ಟೆಯೊಳಗೆ ನುಗ್ಗುವ ರೈಲು, ಹತ್ತನೇ ಮಹಡಿಯಿಂದ ಹೊರಗೆ ಬಂದರೆ ಅಲ್ಲೂ ರಸ್ತೆ, ಅವೆಲ್ಲ ಇವೆ, ನಿಜ. ಊಟದ ವಿಷಯ ಮಾತ್ರ ಹೇಳಬೇಕು. ಇಲ್ಲಿನ ಹಾಟ್‌ಪಾಟ್ ಕುದಿಸುವುದೇ ದನದ ಕೊಬ್ಬಿನಲ್ಲಿ, ಹಾಗಾಗಿ ಸಸ್ಯಾಹಾರಿಗಳು ತರಕಾರಿ ಮಾತ್ರ ಹಾಕಿಕೊಂಡರೂ ಉಪಯೋಗವಿಲ್ಲ. ಅನ್ನ, ತೋಫು, ಬೆಳ್ಳುಳ್ಳಿ ಹಾಕಿ ಹುರಿದ ಸೊಪ್ಪು, ಅದರ ಮೇಲೆ ಅಕ್ಕ ತಂದಿದ್ದ ಚಟ್ನಿಪುಡಿ. ಚೆನ್ನಾಗಿಯೇ ಆಯಿತು.

ಸಂಜೆ ಚಾವೊಥಿಯೆನ್‌ಮೆನ್ ದಕ್ಕೆಗೆ ಹೋದೆವು. ಜಿಯಾಲಿಂಗ್ ನದಿ ಯಾಂಗ್ಟ್ಸೆಗೆ ಸೇರುವುದು ಇಲ್ಲೇ. ಚೊಂಗ್‌ಚಿಂಗ್ ಇಷ್ಟು ದೊಡ್ಡ ಊರಾಗಿದ್ದೇ ನದಿಯಿಂದ. ಆದರೆ ಸಮುದ್ರದ ಕಡೆಯಿಂದ ಇಲ್ಲಿಗೆ ಬರಬೇಕಾದರೆ ಆ ಮೂರು ಕಮರಿಗಳನ್ನು ದಾಟಿಯೇ ಬರಬೇಕಿತ್ತು. ಎದುರು ಪ್ರವಾಹದಲ್ಲಿ ದೋಣಿ ತಾನಾಗಿ ಹತ್ತುವುದಿಲ್ಲ. ದಡದ ಬಂಡೆಗಳ ಮೇಲೆ ಬಗ್ಗಿಕೊಂಡು ನಡೆಯುತ್ತಾ ಬಿದಿರಿನ ಹಗ್ಗದಿಂದ ಎಳೆಯಬೇಕು. ದೊಡ್ಡ ದೋಣಿಗೆ ನೂರಕ್ಕೂ ಜಾಸ್ತಿ ಜನ ಬೇಕಾಗುತ್ತಿತ್ತು. ಹೆಜ್ಜೆ ತಪ್ಪದಿರಲಿ ಎಂದು ಒಬ್ಬ ಹಾಡು ಎತ್ತುತ್ತಿದ್ದ, ಉಳಿದವರು ದನಿಗೂಡಿಸುತ್ತಿದ್ದರು. ಆ ಹಾಡುಗಳನ್ನು 2006ರಲ್ಲಿ ಚೀನಾ ತನ್ನ ರಾಷ್ಟ್ರೀಯ ಪರಂಪರೆಯ ಪಟ್ಟಿಗೆ ಸೇರಿಸಿದೆ. ಎಳೆಯುವವರು ಮಾತ್ರ ಈಗ ಇಲ್ಲ.

1898ರಲ್ಲಿ ಆರ್ಚಿಬಾಲ್ಡ್ ಲಿಟ್ಲ್ ಎಂಬ ಇಂಗ್ಲಿಷ್ ವ್ಯಾಪಾರಿ ಒಂದು ಪುಟ್ಟ ಉಗಿದೋಣಿಯನ್ನು ಮೊದಲ ಸಲ ಚೊಂಗ್‌ಚಿಂಗ್‌ವರೆಗೆ ತಂದ. ತಮಾಷೆ ಏನೆಂದರೆ ಆ ಉಗಿಯಂತ್ರದ ದೋಣಿಯನ್ನೂ ಸೆಳವು ಜೋರಿದ್ದ ಕಡೆ ಜನರೇ ಹಗ್ಗ ಕಟ್ಟಿ ಎಳೆದರು.

ಎರಡನೇ ದಿನ: ಫುಲಿಂಗ್

ರೈಲಿನಲ್ಲಿ ಫುಲಿಂಗ್‌ಗೆ ಹೋಗಿ ಬಂದೆವು. ಅಲ್ಲಿ ಇನ್ನೊಂದು ಬಂಡೆ ಇದೆ, ಒಡೆಯದೆ ಉಳಿಸಿಕೊಂಡದ್ದು.

ಬೈಹೆಲಿಯಾಂಗ್ ಎಂದು ಹೆಸರು. ನದಿಯೊಳಗೆ ದಡಕ್ಕೆ ಸಮನಾಗಿ ಉದ್ದಕ್ಕೆ ಮಲಗಿರುವ ಕಲ್ಲಿನ ದಿಂಡು, ಸುಮಾರು 1,600 ಮೀಟರ್ ಉದ್ದ. ಅಣೆಕಟ್ಟು ಬರುವ ಮುಂಚೆ, ಚಳಿಗಾಲದಲ್ಲಿ ನೀರು ತುಂಬಾ ಇಳಿದ ವರ್ಷ ಮಾತ್ರ ಇದು ಹೊರಗೆ ಕಾಣುತ್ತಿತ್ತು. ಕಂಡಾಗ ಊರಿನವರು ಬಂದು ಆ ವರ್ಷದ ನೀರಿನ ಮಟ್ಟವನ್ನು ಕಲ್ಲಿನಲ್ಲಿ ಕೆತ್ತಿ ಹೋಗುತ್ತಿದ್ದರು. ಅಳತೆಗೆ ಗುರುತು ಕಲ್ಲಿನಲ್ಲಿ ಕೆತ್ತಿದ ಮೀನು. ಕಲ್ಲುಮೀನಿನ ಕಣ್ಣಿನಿಂದ ನೀರು ಎಷ್ಟು ಕೆಳಗಿದೆ ಎಂದು ಬರೆಯುವುದು. ಕ್ರಿ.ಶ. 763ರಿಂದ ಲೆಕ್ಕ ಸಿಗುತ್ತದೆ. ಸಾವಿರದ ಇನ್ನೂರು ವರ್ಷಗಳಲ್ಲಿ ನೀರು ತುಂಬಾ ಇಳಿದ 72 ವರ್ಷಗಳ ಮಟ್ಟಗಳು ಆ ಕಲ್ಲಿನಲ್ಲಿ ದಾಖಲಾಗಿವೆ. ಮೀನು ಹೊರಗೆ ಬಂದರೆ ಮುಂದಿನ ಬೆಳೆ ಚೆನ್ನಾಗಿ ಬರುತ್ತದೆ ಎಂಬ ನಂಬಿಕೆ ಬೇರೆ ಇತ್ತು.

ಅಣೆಕಟ್ಟಿನ ನೀರು ಏರಿದರೆ ಇದು ಶಾಶ್ವತವಾಗಿ ಮುಳುಗುತ್ತಿತ್ತು. ಕತ್ತರಿಸಿ ಮೇಲೆ ತರಬೇಕಾ, ಹೂಳಲು ಬಿಟ್ಟು ನಕಲು ಮಾಡಿಡಬೇಕಾ ಎಂದೆಲ್ಲ ಚರ್ಚೆ ನಡೆದು, ಕೊನೆಗೆ ಇದ್ದಲ್ಲೇ ಇಟ್ಟು ಮೇಲೆ ಗೂಡು ಕಟ್ಟಿದರು. ಆ ಗೂಡಿನೊಳಗೂ ಶೋಧಿಸಿದ ನದಿ ನೀರನ್ನೇ ತುಂಬಿದ್ದಾರೆ. ಒಳಗಿನ ಒತ್ತಡ, ಹೊರಗಿನ ಒತ್ತಡ ಎರಡೂ ಸಮ, ಹಾಗಾಗಿ ಗೋಡೆ ನದಿಯ ಭಾರ ಹೊರಬೇಕಾಗಿಲ್ಲ. ಭಾವ ಇದನ್ನು ಕೇಳಿ ಅಲ್ಲೇ ನಿಂತುಬಿಟ್ಟರು. "ಎಷ್ಟು ಸುಲಭ ನೋಡು, ನೀರನ್ನ ತಡೆಯೋಕೇ ಹೋಗಿಲ್ಲ ಇವ್ರು" ಎಂದು ಎರಡು ಸಲ ಹೇಳಿದರು.

2009ರಲ್ಲಿ ಮ್ಯೂಸಿಯಂ ತೆರೆದರು. ಉದ್ದನೆಯ ಎಸ್ಕಲೇಟರಿನಲ್ಲಿ ಇಳಿಜಾರು ಸುರಂಗದೊಳಗೆ ಇಳಿಯಬೇಕು, ಸುಮಾರು 40 ಮೀಟರ್ ಆಳಕ್ಕೆ. ಕೆಳಗೆ ದುಂಡನೆಯ ದಪ್ಪ ಗಾಜಿನ ಕಿಟಕಿಗಳು. ನೀರು ಹಸಿರು, ಅಷ್ಟೇನೂ ತಿಳಿಯಾಗಿಲ್ಲ. ಮೂಗು ಅಂಟಿಸಿ ನೋಡಿದರೆ ಅಕ್ಷರಗಳು ಕಾಣುತ್ತವೆ, ಮೀನೂ ಕಾಣುತ್ತದೆ. ಪಕ್ಕದಲ್ಲಿ ಒಬ್ಬ ಅಜ್ಜ ಮೊಮ್ಮಗಳನ್ನು ಎತ್ತಿ ಹಿಡಿದು ತೋರಿಸುತ್ತಿದ್ದರು. ಆ ಮಗುವಿಗೆ ಮೀನು ಸಿಗಲಿಲ್ಲ, ಅಳು ಬಂತು.

1958ರಲ್ಲಿ ಹೀಗೆ ಯೋಚಿಸುವ ಹಣವೂ ಇರಲಿಲ್ಲ, ಪುರುಸೊತ್ತೂ ಇರಲಿಲ್ಲ ಎಂದು ನಾನೇ ಅಂದುಕೊಂಡೆ. ಅದೂ ಅಲ್ಲದೆ ಬೈಹೆಲಿಯಾಂಗ್ ಯಾರಿಗೂ ಅಡ್ಡ ಇರಲಿಲ್ಲ. ಯೆನ್‌ಯು ಇತ್ತು.

ಮೂರನೇ ದಿನ: ಫೆಂಗ್‌ಜಿಯೇ, ಬೈದಿಚೆಂಗ್

2022ರಲ್ಲಿ ಶುರುವಾದ ಹೈಸ್ಪೀಡ್ ರೈಲು ಚೊಂಗ್‌ಚಿಂಗ್‌ನಿಂದ ಫೆಂಗ್‌ಜಿಯೇಗೆ ಬೆಳಗಿನ ಕಾಫಿ ಆದ ಮೇಲಿನ ಸಣ್ಣ ನಿದ್ದೆ ಮುಗಿಯುವುದರೊಳಗೆ ತಂದು ಬಿಡುತ್ತದೆ. ದಾರಿಯ ಬಹುಪಾಲು ಸುರಂಗ, ನೋಡಲು ಏನೂ ಇಲ್ಲ.

ಫೆಂಗ್‌ಜಿಯೇ ಪೂರ್ತಿ ಹೊಸ ಊರು. ಹಳೆಯದು ಕೆಳಗೆ ನೀರಿನಲ್ಲಿದೆ. ಮುಳುಗುವ ಮುಂಚೆ, 2002ರಲ್ಲಿ, ಹಳೆ ಊರಿನ ಕಟ್ಟಡಗಳನ್ನೂ ಸಿಡಿಮದ್ದು ಇಟ್ಟೇ ಕೆಡವಿದರು, ಹಡಗುಗಳ ತಳಕ್ಕೆ ಗೋಡೆಗಳು ತಾಗಬಾರದಲ್ಲ. ಅಣೆಕಟ್ಟಿಗಾಗಿ ಒಟ್ಟು ಸುಮಾರು 13 ಲಕ್ಷ ಜನ ಮನೆ ಬದಲಿಸಿದರು. ನಮ್ಮ ಅಜ್ಜಿಯ ತವರೂ ಲಿಂಗನಮಕ್ಕಿ ಹಿನ್ನೀರಿನಲ್ಲಿದೆ. ಸಾಗರದ ಕಡೆಯವರಿಗೆ ಗೊತ್ತಿರುತ್ತದೆ, ಮಳೆ ಕಡಿಮೆಯಾದ ಬೇಸಿಗೆಯಲ್ಲಿ ಮಡೆನೂರಿನ ಹಳೆ ಅಣೆಕಟ್ಟು ನೀರಿನಿಂದ ಮೇಲೆ ಎದ್ದು ಬರುತ್ತದೆ, ಜನ ನೋಡಲು ಹೋಗುತ್ತಾರೆ. ಇಲ್ಲಿ ಯಾವ ಬೇಸಿಗೆಯಲ್ಲೂ ಏನೂ ಎದ್ದು ಬರುವುದಿಲ್ಲ.

ಬೀದಿ ತುಂಬಾ ಕಿತ್ತಳೆ. ಫೆಂಗ್‌ಜಿಯೇ ಕಿತ್ತಳೆಗೆ ಹೆಸರುವಾಸಿ, ಅದೂ ಹಣ್ಣಾಗುವ ಕಾಲ. ಒಂದು ಚೀಲ ತೆಗೆದುಕೊಂಡು ಬೈದಿಚೆಂಗ್‌ಗೆ ಹೊರಟೆವು.

ಬೈದಿಚೆಂಗ್ ಎಂದರೆ ನದಿ ದಂಡೆಯ ಗುಡ್ಡ, ಅದರ ಮೇಲೆ ಹಳೆ ಗುಡಿ. ಕ್ರಿ.ಶ. 1ನೇ ಶತಮಾನದಲ್ಲಿ ಗಾಂಗ್‌ಸುನ್ ಶು ಎಂಬ ದಂಡನಾಯಕ ಇಲ್ಲಿಯ ಬಾವಿಯಿಂದ ಬಿಳಿ ಹಬೆ ಡ್ರ್ಯಾಗನ್‌ನಂತೆ ಏಳುವುದನ್ನು ಕಂಡು, ಅದನ್ನೇ ಶಕುನ ಮಾಡಿಕೊಂಡು, ತಾನೇ ಬಿಳಿಯ ಚಕ್ರವರ್ತಿ ಎಂದು ಘೋಷಿಸಿಕೊಂಡನಂತೆ. ಆಮೇಲೆ 223ರಲ್ಲಿ ಲಿಯು ಬೇ ಎಂಬ ರಾಜ ಯುದ್ಧದಲ್ಲಿ ಸೋತು ಬಂದು ಇಲ್ಲೇ ಪ್ರಾಣ ಬಿಟ್ಟ. ಸಾಯುವಾಗ ಮಗನನ್ನು ಮಂತ್ರಿ ಜೂಗ ಲಿಯಾಂಗ್ ಕೈಗೆ ಒಪ್ಪಿಸಿದ. ಆ ದೃಶ್ಯವನ್ನು ದೊಡ್ಡ ದೊಡ್ಡ ಬೊಂಬೆಗಳಲ್ಲಿ ಮಾಡಿಟ್ಟಿದ್ದಾರೆ. ಚೀನಾದ ಪ್ರವಾಸಿಗರು ಅದರ ಮುಂದೆ ತುಂಬಾ ಹೊತ್ತು ನಿಲ್ಲುತ್ತಾರೆ, ಅವರಿಗೆ ಕಥೆ ಬಾಯಿಪಾಠ.

ಗುಡ್ಡ ಈಗ ದ್ವೀಪ. ನೀರು ಏರಿದ ಮೇಲೆ ಮಾಡು ಇರುವ ಸೇತುವೆ ಕಟ್ಟಿದ್ದಾರೆ, ಅದರಲ್ಲಿ ನಡೆದು ಹೋಗಬೇಕು. ಆಮೇಲೆ ಮೆಟ್ಟಿಲು, ಮೆಟ್ಟಿಲು, ಮೆಟ್ಟಿಲು. ಅಕ್ಕ ಅರ್ಧದಲ್ಲಿ ಕುಳಿತು ಕಿತ್ತಳೆ ಸುಲಿಯತೊಡಗಿದಳು.

ಮೇಲೆ ಹೋದರೆ ಕ್ವೇಮೆನ್ ಕಾಣುತ್ತದೆ, ಅಂದರೆ ಚೂತಾಂಗ್ ಕಮರಿಯ ಬಾಗಿಲು. ಎರಡು ಕಡೆ ನೇರ ಎದ್ದ ಬಂಡೆಗೋಡೆ. ನಡುವೆ ಇಡೀ ಯಾಂಗ್ಟ್ಸೆ. ಹತ್ತು ಯುವಾನ್ ನೋಟಿನ ಹಿಂದೆ ಇರುವುದು ಇದೇ ಚಿತ್ರ. ಎಲ್ಲರೂ ನೋಟು ಎತ್ತಿ ಹಿಡಿದು ಗುಡ್ಡಕ್ಕೆ ಗುಡ್ಡ ಹೊಂದಿಸಿ ಫೋಟೋ ತೆಗೆಯುತ್ತಾರೆ. ಚೀನಾದಲ್ಲಿ ಈಗ ಯಾರ ಜೇಬಿನಲ್ಲೂ ನೋಟು ಇರುವುದಿಲ್ಲ, ಸೊಪ್ಪು ಮಾರುವವರೂ ಫೋನಿನಲ್ಲೇ ದುಡ್ಡು ತೆಗೆದುಕೊಳ್ಳುತ್ತಾರೆ. ಹಾಗಾಗಿ ನೋಟು ಇದ್ದವರ ಹತ್ತಿರ ಇಲ್ಲದವರು ಕಡ ಕೇಳುವುದು ನಡೆದೇ ಇತ್ತು. ನಮ್ಮದು ನಾಲ್ಕು ಜನರ ಕೈ ಬದಲಾಯಿಸಿ ವಾಪಸ್ ಬಂತು.

ಬಂಡೆ ಇದ್ದದ್ದು ಸರಿಯಾಗಿ ಈ ಗುಡ್ಡದ ಬುಡದಲ್ಲಿ. ಮೇಲ್ಭಾಗದ ಸಿಚುವಾನ್ ಸೀಮೆಯ ನೀರೆಲ್ಲ ಅಗಲವಾದ ಕಣಿವೆಯಲ್ಲಿ ಹರಿದು ಬಂದು, ನೂರು ನೂರೈವತ್ತು ಮೀಟರ್ ಅಗಲದ ಈ ಸಂದಿಗೆ ನುಗ್ಗಬೇಕು. ಮಳೆಗಾಲದಲ್ಲಿ ಕಮರಿ ಅಷ್ಟು ನೀರನ್ನು ಒಂದೇ ಸಲ ನುಂಗಲಾರದೆ ನೀರು ಹಿಂದಕ್ಕೆ ಕಟ್ಟಿಕೊಂಡು ಏರುತ್ತಿತ್ತು. ಆ ಸಂದಿಯ ಬಾಯಲ್ಲೇ ಇಂಥ ಬಂಡೆ. ಚಳಿಗಾಲದಲ್ಲಿ ಇಪ್ಪತ್ತು ಮೀಟರಿಗಿಂತ ಜಾಸ್ತಿ ಹೊರಗೆ ನಿಂತಿರುತ್ತಿತ್ತು, ಬೇಸಿಗೆ ಮಳೆಗೆ ಸಣ್ಣದಾಗುತ್ತಾ ಹೋಗಿ ಕೊನೆಗೆ ನೀರಿನಡಿ ಅಡಗುತ್ತಿತ್ತು. ಅಡಗಿದಾಗಲೇ ಜಾಸ್ತಿ ಅಪಾಯ. ಸುಳಿ ಎಲ್ಲಿ ಏಳುತ್ತದೆ, ಎಲ್ಲಿ ಒಡೆಯುತ್ತದೆ ಹೇಳಲು ಬರುತ್ತಿರಲಿಲ್ಲ.

ಅಂಬಿಗರು ಅದನ್ನೇ ಅಳತೆಗೋಲು ಮಾಡಿಕೊಂಡಿದ್ದರು. ಅವರ ಹಳೆಯ ಹಾಡಿನ ಅರ್ಥ ಹೀಗೆ: ಯೆನ್‌ಯು ಆನೆಯಷ್ಟು ಕಂಡರೆ ಚೂತಾಂಗ್ ಹತ್ತಬೇಡ, ಕುದುರೆಯಷ್ಟು ಕಂಡರೆ ಇಳಿಯಬೇಡ. ಕೋತಿ, ಆಮೆಯ ಸಾಲುಗಳೂ ಇವೆ, ಊರಿಗೊಂದು ಪಾಠ. ಎಂಟನೇ ಶತಮಾನದ ಲಿ ಬೈ ತನ್ನ ಪದ್ಯದಲ್ಲಿ, ದೂರ ಹೋದ ಗಂಡನನ್ನು ನೆನೆಯುವ ಹುಡುಗಿಯ ಬಾಯಲ್ಲಿ, ಐದನೇ ತಿಂಗಳಲ್ಲಿ ಯೆನ್‌ಯುವಿನ ಹತ್ತಿರ ಹೋಗಬಾರದು ಎನ್ನಿಸಿದ್ದಾನೆ. ಐದನೇ ತಿಂಗಳೆಂದರೆ ಚೀನಾ ಪಂಚಾಂಗದ ಲೆಕ್ಕ, ನೀರು ಏರುವ ಹೊತ್ತು. ಮನೆಯಲ್ಲಿ ಕುಳಿತ ಹೆಂಗಸಿಗೂ ಈ ಬಂಡೆಯ ಹೆಸರು ಗೊತ್ತಿತ್ತು ಎಂದರೆ ಲೆಕ್ಕ ಹಾಕಿ. ಅದೇ ಕಾಲದ ಕವಿ ದು ಫು ಅಂತೂ 766ರಿಂದ ಎರಡು ವರ್ಷ ಇದೇ ಊರಿನಲ್ಲಿದ್ದು ನಾನೂರಕ್ಕೂ ಹೆಚ್ಚು ಪದ್ಯ ಬರೆದ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಹನ್ನೊಂದನೇ ಶತಮಾನದ ಸು ಶಿ ಎಂಬ ಕವಿಯ ವಾದ. ಊರೆಲ್ಲ ಬಂಡೆಯನ್ನು ಬೈಯುವಾಗ ಇವನು ಬಂಡೆಯ ಪರ ವಕಾಲತ್ತು ಮಾಡಿದ. ಸಾವಿರ ಹರದಾರಿಯಿಂದ ಸೊಕ್ಕಿ ಬರುವ ನೀರು ಈ ಕಿರಿದಾದ ಬಾಯಿಗೆ ಬರುವಾಗ, ಅದರ ಸೊಕ್ಕು ಮುರಿಯಲು ಎದುರಿಗೆ ಒಂದು ಬಂಡೆ ಇರುವುದರಿಂದಲೇ ಮುಂದಿನ ಕಮರಿ ಇಷ್ಟಾದರೂ ಶಾಂತವಾಗಿದೆ, ಅದಿಲ್ಲದಿದ್ದರೆ ಇನ್ನೂ ಗಂಡಾಂತರ ಆಗುತ್ತಿತ್ತು ಎಂದ.

ಭಾವನಿಗೆ ಹೇಳಿದೆ. ಅವರು ನಕ್ಕರು. "ಕವಿಗೆ ದೋಣಿ ನಡೆಸೋ ಕೆಲಸ ಇರ್ಲಿಲ್ಲ ಅನ್ಸತ್ತೆ" ಎಂದರು. ಆಮೇಲೆ ಸ್ವಲ್ಪ ಹೊತ್ತು ಕೆಳಗೆ ನೋಡಿ, "ಆದ್ರೆ ನೀರಿನ ಶಕ್ತಿ ಮುರಿಯೋಕೆ ನಾವೂ ಅಣೆಕಟ್ಟಿನ ಕೆಳಗೆ ಕಾಂಕ್ರೀಟ್ ಹಲ್ಲು ಇಡ್ತೀವಿ, ಪೂರ್ತಿ ತಪ್ಪು ಅನ್ನೋ ಹಾಗಿಲ್ಲ" ಎಂದರು.

"ಹಾಗಾದ್ರೆ ನೀವಿದ್ದಿದ್ರೆ ಒಡೀತಿರ್ಲಿಲ್ವಾ ಭಾವ?"

"ಒಡೀತಿದ್ದೆ. ಜನ ಸಾಯ್ತಿದ್ರಲ್ಲಮ್ಮ."

ನನ್ನ ಅಭಿಪ್ರಾಯವೂ ಅದೇ, ಒಪ್ಪಿಕೊಳ್ಳಲು ಸ್ವಲ್ಪ ಸಂಕಟವಾದರೂ. ಐವತ್ತರ ದಶಕದಲ್ಲಿ ನದಿಯೇ ಆ ಭಾಗದ ಹೆದ್ದಾರಿ, ಉಗಿಹಡಗುಗಳು ರಾತ್ರಿಯೂ ಓಡಬೇಕು ಎಂದು ದೀಪದ ಗುರುತು ಹಾಕುತ್ತಿದ್ದ ಕಾಲ. ಹಾಡಿನಲ್ಲಿ ಚೆಂದ ಇದೆ ಎಂದು ಹೆದ್ದಾರಿಯ ನಡುವೆ ಬಂಡೆ ಇಟ್ಟುಕೊಳ್ಳಿ ಎಂದು ಅಂಬಿಗನ ಹೆಂಡತಿಗೆ ಯಾರು ಹೇಳುತ್ತಾರೆ?

ಆದರೆ ಇನ್ನೊಂದು ವಿಷಯ ನನ್ನನ್ನು ಬಿಡಲಿಲ್ಲ. ಅಣೆಕಟ್ಟಿನ ನೀರು ಚಳಿಗಾಲದಲ್ಲಿ ಸಮುದ್ರಮಟ್ಟದಿಂದ 175 ಮೀಟರ್‌ವರೆಗೆ ತುಂಬಿರುತ್ತದೆ, 2010ರಲ್ಲಿ ಮೊದಲ ಸಲ ಆ ಮಟ್ಟ ಮುಟ್ಟಿತು. ಮಳೆಗಾಲಕ್ಕೆ ಮುಂಚೆ ಪ್ರವಾಹ ಹಿಡಿಯಲು ಜಾಗ ಬೇಕು ಎಂದು 145ಕ್ಕೆ ಇಳಿಸುತ್ತಾರೆ. ಅಂದರೆ ನದಿಯ ಕಾಲವೇ ತಿರುಗುಮುರುಗಾಗಿದೆ. ಅಂಬಿಗರ ಹಾಡಿನ ಪ್ರಕಾರ ನಾವು ಹೋದದ್ದು ಆನೆಯ ಕಾಲ, ಆದರೆ ಈಗ ಅದೇ ನೀರು ತುಂಬಿ ನಿಲ್ಲುವ ಕಾಲ. ಇಳಿಸಿದಾಗಲೂ ನೀರು ಬಂಡೆಯ ತಲೆ ಇದ್ದ ಮಟ್ಟಕ್ಕಿಂತ ತುಂಬಾ ಎತ್ತರವೇ ಇರುತ್ತದೆ. ಬಂಡೆ ಉಳಿದಿದ್ದರೂ ಯಾರಿಗೂ ಅಡ್ಡವಾಗುತ್ತಿರಲಿಲ್ಲ, ಯಾರಿಗೂ ಕಾಣುತ್ತಲೂ ಇರಲಿಲ್ಲ. ಕವಿತೆಗಳಲ್ಲಿ ಸಾವಿರ ವರ್ಷ ನಿಂತದ್ದನ್ನು ಒಡೆದದ್ದು ಐವತ್ತು ವರ್ಷದ ಉಪಯೋಗಕ್ಕೆ. ಆ ಐವತ್ತು ವರ್ಷದಲ್ಲಿ ಬದುಕಿ ಉಳಿದವರಿಗೆ ಇದು ಸಣ್ಣ ವಿಷಯ ಅಲ್ಲ, ಅದೂ ಸರಿ. ಅಕ್ಕ ಕೊನೆಗೂ ಮೇಲೆ ಬಂದಳು, "ಎಲ್ಲಿ ನಿಮ್ಮ ಬಂಡೆ?" ಎಂದಳು. ನೀರಿನ ಕಡೆ ಕೈ ತೋರಿಸಿದೆ. ಮರಳು ತುಂಬಿದ ಬಾರ್ಜ್ ಒಂದು ಸರಿಯಾಗಿ ಅದೇ ಜಾಗದ ಮೇಲೆ ಸುಮ್ನೆ ಹಾದು ಹೋಗುತ್ತಿತ್ತು.

ನಾಲ್ಕನೇ ದಿನ: ಕಮರಿಗಳ ಮೂಲಕ

ಫೆಂಗ್‌ಜಿಯೇಯಿಂದ ಹಡಗು. ಟಿಕೆಟ್ ಮಾಡಿಸಿಕೊಟ್ಟ ಏಜೆಂಟ್ ಕಿಟಕಿ ಪಕ್ಕದ ಕೋಣೆ ಎಂದಿದ್ದ. ಕಿಟಕಿ ಇತ್ತು, ಅದರ ಮುಂದೆ ಜೀವರಕ್ಷಕ ದೋಣಿ ನೇತು ಹಾಕಿದ್ದರು. ಇಡೀ ದಿನ ಡೆಕ್ ಮೇಲೆ ಚಳಿಯಲ್ಲೇ ಕಳೆದೆವು.

ಚೂತಾಂಗ್ ಮೂರರಲ್ಲಿ ಚಿಕ್ಕದು, ಬರೀ 8 ಕಿಲೋಮೀಟರ್. ಹಡಗು ಕ್ವೇಮೆನ್ ಬಾಗಿಲು ದಾಟುವಾಗ ಎಲ್ಲರೂ ಮುಂದೆ ಓಡಿದರು. ನೀರು ಎಷ್ಟು ನಿಶ್ಚಲ ಎಂದರೆ ಇಲ್ಲಿ ಸುಳಿ ಇತ್ತು ಎಂದು ನಂಬಲು ಕಷ್ಟ. ಎಳೆಯುವವರು ನಡೆಯುತ್ತಿದ್ದ ದಾರಿಯನ್ನು ಬಂಡೆಗೋಡೆಯಲ್ಲೇ ಕೊರೆದಿದ್ದರು, ಅದೂ ಕೆಳಗೆ ಹೋಗಿದೆ. ಎರಡನೆಯದು ವು ಕಮರಿ, ಇದಕ್ಕಿಂತ ತುಂಬಾ ಉದ್ದ. ನವೆಂಬರ್ ಆದ್ದರಿಂದ ಎಲೆಗಳು ಕೆಂಪಾಗಿದ್ದವು. ದೇವಕನ್ಯೆ ಕಲ್ಲಾಗಿ ನಿಂತಿದ್ದಾಳೆ ಎನ್ನುವ ಶಿಖರ ಮಂಜಿನಲ್ಲಿ ಅರ್ಧ ಕಂಡಿತು.

ಮೂರನೆಯದು ಶೀಲಿಂಗ್. ನಾನು ಕಾಯುತ್ತಿದ್ದದ್ದು ಇದರಲ್ಲಿರುವ ಕಾಂಗ್‌ಲಿಂಗ್ ಎಂಬ ಜಾಗಕ್ಕೆ. ಅಲ್ಲಿ ಒಂದಲ್ಲ, ಬಂಡೆಗಳ ಹಿಂಡೇ ಇತ್ತು. ಅದರಲ್ಲಿ ಒಂದರ ಮೇಲೆ "ನನ್ನ ಕಡೆಗೇ ಬಾ" ಎಂದು ಬರೆದಿತ್ತು. ತಪ್ಪಿಸಿಕೊಳ್ಳಲು ಚುಕ್ಕಾಣಿ ಪಕ್ಕಕ್ಕೆ ತಿರುಗಿಸಿದವನ ದೋಣಿಯನ್ನು ಸೆಳವು ಎಳೆದು ಪಕ್ಕದ ಬಂಡೆಗೆ ಬಡಿಯುತ್ತಿತ್ತು. ನೇರ ಆ ಬಂಡೆಗೇ ಮೂತಿ ಇಟ್ಟು ಹೋದರೆ, ಬಂಡೆಗೆ ಬಡಿದು ವಾಪಸ್ ಬರುವ ನೀರು ಕೊನೆಯ ಗಳಿಗೆಯಲ್ಲಿ ದೋಣಿಯನ್ನು ಪಕ್ಕಕ್ಕೆ ತಳ್ಳಿ ಪಾರು ಮಾಡುತ್ತಿತ್ತು. ಇದೇ ಕಥೆಯನ್ನು ಯೆನ್‌ಯು ಬಗ್ಗೆಯೂ ಹೇಳುತ್ತಾರೆ. ಗೊತ್ತಿದ್ದೂ ಗೊತ್ತಿದ್ದೂ ಸಾವಿನ ಕಡೆಗೇ ನೇರ ದೋಣಿ ಬಿಡಬೇಕು, ಅಂಥ ಎದೆಗಾರಿಕೆ ಯಾರಿಗೆ ಬರುತ್ತದೆ ಹೇಳಿ. 1900ರ ಡಿಸೆಂಬರ್ 27ರಂದು ಜರ್ಮನಿಯವರ ಸುಯಿಶಿಯಾಂಗ್ ಎಂಬ ಹೊಚ್ಚ ಹೊಸ ಉಗಿಹಡಗು ಈ ಕಾಂಗ್‌ಲಿಂಗ್‌ನಲ್ಲೇ ಬಂಡೆಗೆ ಬಡಿದು ಮುಳುಗಿತು, ಕ್ಯಾಪ್ಟನ್ನೂ ಸತ್ತ. ಈ ಬಂಡೆಗಳನ್ನೂ ಆಮೇಲೆ ಸಿಡಿಸಿ ದಾರಿ ಮಾಡಿದರು.

ಜಾಗ ಬಂದಾಗ ಧ್ವನಿವರ್ಧಕದಲ್ಲಿ ಚೀನೀ ಭಾಷೆಯಲ್ಲಿ ಏನೋ ಹೇಳಿದರು. ಡೆಕ್ ಮೇಲಿದ್ದವರು ಇಸ್ಪೀಟ್ ಆಡುತ್ತಿದ್ದರು, ಒಬ್ಬರೂ ತಲೆ ಎತ್ತಲಿಲ್ಲ.

ಐದನೇ ದಿನ: ಅಣೆಕಟ್ಟು

ಹಡಗು ಅಣೆಕಟ್ಟಿನ ಮೇಲ್ಭಾಗದ ಮಾವ್‌ಪಿಂಗ್ ದಕ್ಕೆಯಲ್ಲೇ ನಿಂತಿತು. ಅಲ್ಲಿಂದ ಬಸ್ಸು. ಇವತ್ತು ಭಾವನ ದಿನ. ನೋಡುವ ಕಟ್ಟೆಯ ಮೇಲೆ ನಿಂತು ಅವರು ತೋರಿಸಿದ್ದೆಲ್ಲ ನೋಡಿದೆವು. ಐದು ಹಂತದ ಲಾಕ್, ಅಂದರೆ ಹಡಗನ್ನು ತೊಟ್ಟಿಯಿಂದ ತೊಟ್ಟಿಗೆ ಮೆಟ್ಟಿಲು ಇಳಿಸುವ ಹಾಗೆ ಇಳಿಸುವುದು. ಪಕ್ಕದಲ್ಲಿ 2016ರಲ್ಲಿ ಶುರುವಾದ ಹಡಗಿನ ಲಿಫ್ಟ್, 3,000 ಟನ್ನಿನ ಹಡಗನ್ನು ನೀರಿನ ತೊಟ್ಟಿಯ ಸಮೇತ 113 ಮೀಟರ್‌ವರೆಗೆ ಎತ್ತುತ್ತದೆ. ಭಾವ ಮಾತೇ ಆಡಲಿಲ್ಲ, ಬರೀ ವಿಡಿಯೋ ಮಾಡಿಕೊಂಡರು.

ಮೇಲ್ಗಡೆ ಹಿನ್ನೀರಿನಲ್ಲಿ ಬಾರ್ಜ್‌ಗಳ ಸಾಲು ನಿಂತಿತ್ತು. ಕಲ್ಲಿದ್ದಲು, ಮರಳು, ಕಂಟೈನರ್. ಎಲ್ಲ ಲಾಕ್‌ನ ಸರದಿಗೆ ಕಾಯುತ್ತಿದ್ದವು. 2030ಕ್ಕೆ ವರ್ಷಕ್ಕೆ 10 ಕೋಟಿ ಟನ್ ಸರಕು ಬರಬಹುದು ಎಂದು ಲೆಕ್ಕ ಹಾಕಿ ಲಾಕ್ ಕಟ್ಟಿದ್ದರು. 2011ರಲ್ಲೇ ಅದು ದಾಟಿಬಿಟ್ಟಿತು. ಬಂಡೆಗಳೆಲ್ಲ ಹೋದವು, ನದಿ ಆಳವಾಯಿತು, ಹಡಗು ಜಾಸ್ತಿಯಾದವು, ಈಗ ದಿನಗಟ್ಟಲೆ ಇಲ್ಲಿ ಕ್ಯೂ.

"ಇದಕ್ಕೂ ಸಿಡಿಮದ್ದು ಇಡೋಣ್ವಾ ಭಾವ?" ಎಂದೆ.

ಅವರು ಫೋನು ಕೆಳಗಿಳಿಸದೆಯೇ, "ಪಕ್ಕದಲ್ಲಿ ಇನ್ನೊಂದು ಲಾಕ್ ಕಟ್ತಾರೆ, ನೋಡ್ತಿರು" ಎಂದರು. ಅಷ್ಟರಲ್ಲಿ ಬಸ್ಸಿನ ಡ್ರೈವರ್ ಹಾರ್ನ್ ಹೊಡೆದ, ಅಕ್ಕ ಆಗಲೇ ಕೆಳಗಿಳಿದು ಸೀಟು ಹಿಡಿದಿದ್ದಳು.